ಅರ್ಕಾವೊತ್ತು

ಹತ್ತಿ ಗಿರಣಿಯ ಮೂರನೇ ಗೋದಾಮು.
ಹನ್ನೊಂದು ದೇಶ, ಹನ್ನೊಂದು ಗೋಡೆ,
ಗೋಡೆಯ ನೆತ್ತಿಗೆ ದೇಶದ ಹೆಸರು.
ಫ್ಲೆಕ್ಸ್ ಬೇಡ, ಕೈಬರಹವೇ ಬೇಕೆಂದು
ಕಲಾ ಕಾಲೇಜಿನವರು ಹುಡುಕಿಕೊಂಡು ಬಂದಾಗ
ನಾನು ಹಗೇದಿಬ್ಬ ಸರ್ಕಲ್ಲಿನಲ್ಲಿ
ಆಟೋವೊಂದರ ಬೆನ್ನಿಗೆ ನಂಬರು ಬರೆಯುತ್ತಿದ್ದೆ.
ಅಂಗಡಿಯ ಹೆಸರೊಂದು ಈ ಕೈಯಿಂದ ಇಳಿದು
ಆರು ವರ್ಷವಾಗಿತ್ತು.

ಜಪಾನ್ ಬರೆದೆ. ಪೆರು ಬರೆದೆ,
ಎರಡೇ ಅಕ್ಷರ, ಚಹ ಆರುವುದರೊಳಗೆ.
ಕೊನೆಯ ಗೋಡೆ ಆರ್ಮೇನಿಯಾ.
ಆ ಬರೆದೆ, ಮೇ ಬರೆದೆ,
ಬಣ್ಣ ಕಲಸಲು ಏಣಿ ಇಳಿದೆ.
ವಾಚ್‌ಮನ್ ಹಾಲೇಶಿಯ ಮಗ ಕತ್ತೆತ್ತಿ ಓದಿದ:
ಆಮೆ.

ಆಮೆಯಲ್ಲ ಕಣೋ, ತಡಿ, ನಡುವೆ ಒಂದು ರ ಐತಿ.
ನಾಲಿಗೆಗೆ ಮೊದಲು,
ಕೈಗೆ ಕೊನೆಗೆ.
ಮನೆಗೆ ಮೊದಲು ಬಂದವನೇ
ಪಂಕ್ತಿಯ ತುದಿಯಲ್ಲಿ ಉಣ್ಣಲು ಕೂತ ಹಾಗೆ.

ಆಕೆ ಹಿಂದೆ ನಿಂತಿದ್ದಳು. ಅರ್ಪಿನೆ.
ಕಾಲೇಜಿನವರ ಬಾಯಲ್ಲಿ ಎರಡೇ ದಿನಕ್ಕೆ ಅರ್ಪಣಾ ಮೇಡಂ.
ಆಕೆಯ ಪೆಟ್ಟಿಗೆ ಬಂದಿರಲಿಲ್ಲ,
ಚೆನ್ನೈ ಬಂದರಿನಲ್ಲಿ ಒಂದು ಸೀಲು ಕಮ್ಮಿ.
ಒಳಗಿದ್ದದ್ದು ನಲವತ್ತು ಮೊಳ ಬಟ್ಟೆ:
ಜನ ಬಿಟ್ಟುಹೋದ ಹಳ್ಳಿಯ ಹೊಸ್ತಿಲುಗಳ ಮೇಲೆ ಹಾಸಿ
ಇದ್ದಿಲು ಉಜ್ಜಿ ಎತ್ತಿಕೊಂಡ ಸವೆತ.
ದುಭಾಷಿ ಹುಡುಗಿ ಅಷ್ಟು ಹೇಳಿದಳು.
ಸವೆತಕ್ಕೆ ಬೆಲೆ ಎಷ್ಟೆಂದು ಕಸ್ಟಮ್ಸ್‌ನವರು
ಮೂರು ಸಲ ಕೇಳಿದರೆಂದೂ.

ಸಂಜೆ ಆಜಾದ್ ನಗರದ ಮಂಡಕ್ಕಿ ಭಟ್ಟಿಗೆ ಕರೆದೊಯ್ದೆ.
ಕಾದ ಮರಳಲ್ಲಿ ಅಕ್ಕಿ ಅರಳುವುದನ್ನು ಬಗ್ಗಿ ನೋಡಿ
ಅಜ್ಜಿಯ ಒಲೆ ನೆಲದೊಳಗಿತ್ತೆಂದು
ಗಾಳಿಯಲ್ಲಿ ಗುಂಡಿ ತೋಡಿ ತೋರಿಸಿದಳು.
ರೊಟ್ಟಿ ಬಡಿಯಲು ಒಳಗೆ ತಲೆ ಇಳಿಬಿಡಬೇಕಂತೆ.
ನಾವು ನಮ್ಮ ದೇಶವನ್ನು ಹಾಗೆ ಕರೆಯುವುದಿಲ್ಲ, ಅಂದಳು,
ಹಯಾಸ್ತಾನ್.
ಹಯ ಅಂದರೆ ನಮ್ಮಲ್ಲಿ ಕುದುರೆ, ಅಂದೆ,
ಹಾಗಾದರೆ ನಿಮ್ಮದು ಲಾಯ.
ದುಭಾಷಿ ಹುಡುಗಿ ಹೆದರಿ ಸುಮ್ಮನಾದಳು.
ನಾನೇ ಕೆನೆದು ತೋರಿಸಿದೆ.
ಆಕೆ ನಕ್ಕು, ನಗು ಮುಗಿಸಿ,
ಮಂಡಕ್ಕಿಯ ಪೊಟ್ಟಣ ಮಡಚುತ್ತ ಹೇಳಿದಳು:
ಹಯ್ ಅಂದರೆ ನಾವು.

ಉದ್ಘಾಟನೆಗೆ ಒಂದು ರಾತ್ರಿ ಬಾಕಿ.
ಹೆಸರಿನ ಕೆಳಗೆ ಗೋಡೆ ಬರಿ ಸುಣ್ಣ.
ಅಕ್ಷರ ನಿಲ್ಲಿಸಲೆಂದು ನೀಲಿ ದಾರ ಬಿಗಿದು
ನಾನು ಮೀಟಿದ್ದ ಎರಡು ಗೆರೆ, ಅಷ್ಟೆ.
ಇಂಥವು ಗೋಡೆ ತುಂಬ ಬೇಕು, ಅಂದಳು.
ಮೇಲೆ ಅಕ್ಷರ?
ಬೇಡ.
ಬೆಳಗಿನವರೆಗೆ ಒಂದು ತುದಿ ಆಕೆ, ಒಂದು ತುದಿ ನಾನು,
ಟಪ್. ಟಪ್.
ನೀಲಿ ಪುಡಿ ಮೂಗಿನಲ್ಲಿ, ಹುಬ್ಬಿನಲ್ಲಿ.
ಮುಗಿದ ಮೇಲೆ ರೂಢಿಯಂತೆ ಮೂಲೆಗೆ
ಚಮನ್ ಎಂದು ಹಾಕಿದೆ. ತಡೆಯಲಿಲ್ಲ.
ಪಕ್ಕಕ್ಕೆ ತನ್ನ ಲಿಪಿಯಲ್ಲಿ ತನ್ನ ಹೆಸರು ಹಾಕಿದಳು.
ಯಾವುದು ರ? ಬೆರಳಿಟ್ಟು ತೋರಿಸಿದಳು, ಎರಡನೆಯದು.
ಅವರಲ್ಲಿ ಅದು ಸರದಿಯಲ್ಲೇ ನಿಲ್ಲುತ್ತದಂತೆ.

ಜನ ಬಂದರು, ಡಿಸಿ ಬಂದರು, ಚಿತ್ರ ಎಲ್ಲಿ ಎಂದರು.
ಬರೀಬೇಕಿದೆ ಸಾರ್, ಅಂದೆ.
ಅವರು ತಲೆದೂಗಿದ ರೀತಿಗೆ
ಅದೇ ಸರಿಯುತ್ತರವಿರಬೇಕು ಅನಿಸಿತು.
ಇದೇ ಗಿರಣಿಯ ರೀಲಿಂಗ್ ಖಾತೆಯಲ್ಲಿದ್ದ ಮುದುಕಿ,
ಗಂಗಮಾಳವ್ವ, ಬಹಳ ಹೊತ್ತು ನಿಂತು
ನೂಲೆಣಿಸುವ ಹಾಗೆ ಬೆರಳಾಡಿಸಿ
ಒಂದೆಳಿ ತಪ್ಪೈತಿ ನೋಡು, ಎಂದಳು.
ತಪ್ಪಿತ್ತು.

ಆಕೆ ಹೋಗಿ ಹದಿನೆಂಟು ದಿನಕ್ಕೆ ಪೆಟ್ಟಿಗೆ ಬಂತು.
ಸೀಲು ಈಗ ಸರಿಯಿದೆ, ಆದ್ದರಿಂದ ತೆರೆಯುವಂತಿಲ್ಲ.
ವಾಪಸ್ ವಿಳಾಸಕ್ಕೆ ನನ್ನನ್ನೇ ಕರೆಸಿದರು.
ಹಾಲೇಶಿಯ ಮಗ ಮೇಲೆ ಹತ್ತಿ ಕೂತಿದ್ದ.
ಹೊಸ್ತಿಲ ಮೇಲೆ ಕೂರಬಾರದು, ಇಳಿ, ಅಂದೆ.
ಇಂದ: ದಾವಣಗೆರೆ.
ಅದರ ಕೆಳಗೆ ಆ, ಆಮೇಲೆ ಮೇ.
ಕುಂಚ ಎತ್ತಿ ಕಾದೆ, ಹುಡುಗ ಓದಲಿ ಎಂದು.
ಓದಲಿಲ್ಲ ಅವನು.
ತಡಿ, ಇನ್ನೂ ಒಂದು ಬರೋದೈತಿ, ಅಂದ.