ಗಾಳಿ ಇರಬೇಕು

ಬಂದೇನವಾಜ ಬಾಗಲ ತಟ್ಟೂ ಪೈಕಿ ಅಲ್ಲ.
ಆಟದಾಗೂ ಇಲ್ಲ, ನಮ್ಮನಿಗೆ ಬಂದರೂ ಇಲ್ಲ.
ಒದ್ದೇ ಒಳಗ ಬರತಾನ. ಕಿಲ್ಲೇದ ಅಂಗಳದಾಗ
ಗದಾ ತಿರುವಿದನಂದರ ಹನ್ನೊಂದು ಮಂದಿ
ಜ್ವಾಳದ ದಂಟಿನಂಗ ಅಡ್ಡ ಬೀಳತಾರ.
ಆಮ್ಯಾಲ ಒಬ್ಬೊಬ್ಬರ ಕಿಸೆ ತಪಾಸ ಮಾಡತಾನ:
ಮೂರು ನಾಣ್ಯ, ಅರ್ಧ ರೊಟ್ಟಿ, ತುಕ್ಕು ಹಿಡದ ಕೀಲಿ.
ಹೊಡದೂ ಹೊಡದೂ ಕಂಟ್ರೋಲರಿನ ಒಂದು ಗುಂಡಿ ಒಳಗ ಕುಂತದ,
ಮ್ಯಾಲ ತನ್ನ ಪಂಚರ್ ಅಂಗಡಿಯ ಟ್ಯೂಬಿನ ಚೂರು ಅಂಟಿಸ್ಯಾನ.

ನಂದು ಬ್ಯಾರೆ ನಡಿಗಿ.
ಗಳಿಸಿದ ಅಂಕೆಲ್ಲಾ ಮೆಲ್ಲಡಿಗೇ ಸುರುವೀನಿ,
ತೋಳಿಗೆ ಒಂದೂ ಇಟ್ಟಿಲ್ಲ.
ಗ್ವಾಡಿ ನೆರಳಾಗ ಕುಕ್ಕರಗಾಲಿಲೆ ಕುಂತು ಎಣಸ್ತೀನಿ:
ಕಾವಲುಗಾರ ಬಾವಿತನಕ ಹನ್ನೆರಡು ಹೆಜ್ಜಿ,
ನಿಂತು ಒಂದು ಕೆಮ್ಮು, ತಿರುಗಿ ಹನ್ನೆರಡು.
ಹತ್ತನೇದಕ್ಕ ಕತ್ತು ಬಲಕ್ಕ ಹೊರಳತದ.
"ಲೇ ಮಡಿವಾಳಪ್ಪ, ಒಂದು ಬಾಗಲಕ್ಕ ಅರ್ಧಾ ತಾಸೇನೋ?
ಚಾ ಎರಡ ಸಲ ಆರಿತು."

ಅವಗ ಹ್ಯಾಂಗ ಹೇಳಲಿ.
ತೊರವಿ ರಸ್ತಾದ ಥಂಡಿ ಗೋದಾಮಿನಾಗ
ಮಣೂಕದ ಪೆಟ್ಟಿಗಿ ಕಾಯಾವ ನಾ, ಒಂಬತ್ತು ವರ್ಷಾತು.
ರಾತ್ರಿ ಹತ್ತರಿಂದ ಆರರತನಕ
ಅದೇ ಹನ್ನೆರಡು ಹೆಜ್ಜಿ, ಅದೇ ಕೆಮ್ಮು.
ಆ ತಗಡಿನ ಟೊಪ್ಪಿಗಿಯವ ಯಾವಾಗ ಆಕಳಸ್ತಾನ,
ಅವನ ಯಾವ ಮೊಣಕಾಲು ನೂಯತದ,
ತಿಳಕೊಳ್ಳಾಕ ನನಗ ಆಟದ ನಕ್ಷಿ ಬ್ಯಾಡ.
ಅದಕ್ಕ ಕೊಲ್ಲೂದಿಲ್ಲ. ಹಿಂದಿಂದ ಹೋಗಿ
ಕುತ್ತಿಗಿ ಹಿಡದು ಮಲಗಸ್ತೀನಿ,
ಹುಲ್ಲಿನ ಬಣವಿಗೆ ಒರಗಸ್ತೀನಿ.
ಪಗಾರಿನವ ಪಾಪ, ಒಂದು ನಿದ್ದಿ ಮಾಡಲಿ.

ಸಣ್ಣ ಕಲ್ಲು ಒಗದರ ಬಂದು ನೋಡತಾನ,
ಅವನ ಭಾಷಾದಾಗ ಏನೋ ಗೊಣಗತಾನ.
ನನಗ ಕೇಳಸೂದು ಹಿಂಗ: "ಯಾರಪ್ಪಾ ಅಲ್ಲೆ?"
ಒಂದು ನಿಮಿಷ. ಆಮ್ಯಾಲ ತನಗ ತಾನ,
"ಗಾಳಿ ಇರಬೇಕು."
ಹೆಗಲಾಗ ಬಾಣ ನಟ್ಟಿದ್ದರೂ, ಗಾಳಿ ಇರಬೇಕು!
ನಕ್ಕೂ ನಕ್ಕೂ ಬಂದೇನವಾಜನ ಚಾ ಮೂಗಿಗೇರಿತು.

ಕಡೀಕ ಮಾತ್ರ ಸೋಲು ನಂದು.
ಆಟ ಕಟ್ಟಿದವರು ಕಡೀ ಖೋಲ್ಯಾಗ ಒಂದು ಕಂಬಾನೂ ಇಟ್ಟಿಲ್ಲ.
ಹಿಂದ ಬಾಗಲ ಮುಚ್ಚತದ,
ಎದುರಿಗೆ ಎರಡಾಳೆತ್ತರದ ಸರದಾರ.
ನನ್ನ ಮೆಲ್ಲಡಿ ಅಲ್ಲೆ ಖೊಟ್ಟಿ ರೊಕ್ಕ.
ಹದಿನೇಳು ಸಲ ಸತ್ತೆ. ಬಂದೇನವಾಜಗ ಕೊಟ್ಟೆ.
ಅವನೂ ಸತ್ತ, "ಈ ತೋಳಿನಾಗ ಸೊಳ್ಳಿ ಹೊಡಿಯೂ ತಾಕತ್ತಿಲ್ಲ" ಅಂದ.

ಆವತ್ತ ಸಂಜಿಮುಂದ ಬುರುಜು ಹತ್ತಿದಿವಿ, ಸುಮ್ಮನ.
ಮಲಿಕ್-ಎ-ಮೈದಾನ ಬಾಯಿ ತಕ್ಕೊಂಡು ಮಲಗಿತ್ತು,
ಸಿಂಹದ ಹಲ್ಲಿನ ನಡುವ ಆನಿ.
"ನನ್ನ ಗುರು ಇವ" ಅಂತ ಬೆನ್ನು ಚಪ್ಪರಿಸಿದ.
ನಾ ಬಾಜೂಕಿನ ಹೊಂಡ ತೋರಿಸಿದೆ.
ಬತ್ತಿ ಹಚ್ಚಿದಾವ ಕಿವಿ ಉಳಿಸಿಕೊಳ್ಳಾಕ
ಅದರ ನೀರಾಗ ಮುಳುಗತಿದ್ದನಂತ, ಅಜ್ಜ ಹೇಳತಿದ್ದ.
"ಅಷ್ಟು ಸಪ್ಪಳ ಮಾಡಿದವಗೂ
ಅಡಗಾಕ ಜಾಗಾ ಬೇಕಾತಲ್ಲೋ."
ಅವ ಮಾತಾಡಲಿಲ್ಲ. ಶೇಂಗಾ ಸುಲದು ತಿಂದ.

ಮೊನ್ನೆ ರಾತ್ರಿ, ಮೂರರ ಸುಮಾರ,
ಪೆಟ್ಟಿಗಿ ಸಾಲಿನ ಹಿಂದ ಸರ್ ಅಂದಂಗಾತು.
ಬ್ಯಾಟರಿ ಬಿಟ್ಟೆ. ಎರಡು ಬರಿಗಾಲು,
ಹತ್ತು ವರ್ಷದ್ದಿರಬೇಕು, ಹಿಮ್ಮಡ ಎತ್ತಿ ನಿಂತದ
ನನಗಿಂತ ಚಲೋ. ಉಸರು ಬಿಡವಲ್ಲದು.
ಮುಟಗಿ ತುಂಬ ಮಣೂಕ.

ಕೈಯಾಗ ಬಡಿಗಿ ಇತ್ತು.
ಬಂದೇನವಾಜ ಇದ್ದಿದ್ದರ ಏನ್ ಮಾಡತಿದ್ದ,
ನನಗ ಗೊತ್ತದ ಅನಕೊಂಡಿದ್ದೆ. ಗೊತ್ತಿಲ್ಲ.
ಒಂದು ನಿಮಿಷ ನಿಂತೆ. ಒಂದು ಕೆಮ್ಮು ಕೆಮ್ಮಿದೆ.
ದನಿ ತಗದು, ಮ್ಯಾಲಿನ ತಗಡಿಗೂ ಕೇಳೂಹಂಗ
"ಗಾಳಿ ಇರಬೇಕು" ಅಂದು
ಹನ್ನೆರಡು ಹೆಜ್ಜಿ ಆ ಕಡೆ ನಡದೆ.
ಹತ್ತನೇದಕ್ಕ ಕತ್ತು ಹೊರಳಿಸಲಿಲ್ಲ.