ಹಸಿರು ಸಕಲಾತಿ

ಬಸ್ಸಿಗೆ ಇನ್ನೂ ಒಂದು ಗಂಟೆ, ಹೊರಗೆ ಚಳಿ,
ಅದಕ್ಕೇ ಒಳಗೆ ಬಂದೆ.
ಸ್ಟ್ರೌಡಿನ ಈ ಗಿರಣಿಗೆ ಈಗ ದುಡಿಮೆಯಿಲ್ಲ,
ಮಂಗಳವಾರಕ್ಕೊಮ್ಮೆ ಒಂದು ಮಗ್ಗ ಮಾತ್ರ
ನೋಡಲು ಬಂದವರಿಗಾಗಿ ಕೆಮ್ಮುತ್ತದೆ.

ಐವರ್ ಕ್ಲಟರ್‌ಬಕ್, ಎಂಬತ್ತೊಂದು, ಎಡಗೈಯಲ್ಲಿ ಒಂದು ಬೆರಳು ಕಡಿಮೆ,
ನನ್ನ ಅಂಗೈ ಮೇಲೊಂದು ಒಣ ಮುಳ್ಳುಹೂ ಇಡುತ್ತಾನೆ:
"ಇದರಿಂದ ಬಾಚಿ ಉಣ್ಣೆಯ ನವಿರು ಎಬ್ಬಿಸುವುದು,
ಆಮೇಲೆ ಕತ್ತರಿ. ಎಬ್ಬಿಸು, ಕತ್ತರಿಸು. ಮತ್ತೆ ಎಬ್ಬಿಸು.
ಮಗುವಿನ ಕೆನ್ನೆಯಾಗುವ ತನಕ."

ಕಿಟಕಿಯಾಚೆ ಗುಡ್ಡ. ಒಂದು ಕಾಲಕ್ಕೆ ಅದರ ತುಂಬ
ಕೆಂಪು ಬಟ್ಟೆ ಕೊಕ್ಕೆಗೆ ಬಿಗಿದು ಒಣಗುತ್ತಿತ್ತಂತೆ,
ದೂರದಿಂದ ಬರುವವರಿಗೆ ಗುಡ್ಡಕ್ಕೇ ಗಾಯವಾದಂತೆ.
ಇವತ್ತು ನಾಲ್ಕು ಹಸು, ಒಂದು ಐಸ್‌ಕ್ರೀಮ್ ಗಾಡಿ.

"ಸ್ಕಾರ್ಲೆಟ್ ಅಂದರೆ ಮೊದಲು ಬಣ್ಣವಲ್ಲ," ಅನ್ನುತ್ತಾನೆ,
"ಬಟ್ಟೆ. ಬಿಳಿ ಸ್ಕಾರ್ಲೆಟ್ ಇತ್ತು, ನೀಲಿ ಇತ್ತು.
ಹಸಿರೂ."

ಹಸಿರೂ.

ನಮ್ಮಜ್ಜಿಯ ತಂಬೂರಿಗೊಂದು ಗವಸಿತ್ತು,
ಪಾಚಿಯ ಬಣ್ಣ, ಮುಟ್ಟಿದರೆ ಬೆಕ್ಕಿನ ಬೆನ್ನು.
"ಸಕಲಾತಿ ಕಣೇ, ಒದ್ದೆ ಕೈ ತಾಗಿಸಬೇಡ."
ಸಕಲವೂ ಅತಿಯಾದ್ದರಿಂದ ಸಕಲಾತಿ, ಅದು ಅವಳದೇ ನಿರುಕ್ತ:
ಬೆಲೆ ಅತಿ, ಸೆಕೆ ಅತಿ, ಹುಳ ಅತಿ.
ನಿಘಂಟು ತೆರೆದು ಪಾರಸಿಯದೆಂದು ತೋರಿಸಿ ನಕ್ಕಿದ್ದೆ,
ಹದಿನೆಂಟರ ಜಾಣೆ.

ಐವರನಿಗೂ ಒಂದು ನಿರುಕ್ತ ಉಂಟು.
ಫ್ಲಾಂಡರ್ಸಿನ ನೇಕಾರರ ಬಾಯಲ್ಲಿ ಅದು 'ಕತ್ತರಿಸಿದ ಬಟ್ಟೆ'.
ಅವನ ಮನೆತನವೂ ಅಲ್ಲಿಂದಲೇ ದೋಣಿಯೇರಿ ಬಂದದ್ದು,
ಹಾಗಾಗಿ ಅದೇ ಸರಿ.
ಬಲ್ಲವರು ತಲೆಯಾಡಿಸುತ್ತಾರೆ: ಕತ್ತರಿ ಆಮೇಲೆ ಸೇರಿದ್ದು,
ಅದು ಕಿವಿಯ ಕುಸುರಿ.
ಲ್ಯಾಟಿನ್ನಿನ ಒಂದು ಪುಟ್ಟ ಮುದ್ರೆ, ಬಟ್ಟೆಯ ಮೇಲೆ ಒತ್ತಿದ್ದು,
ಗ್ರೀಕರ ಸಂತೆ ದಾಟಿ ಅರಬ್ಬರಲ್ಲಿ ಸಿಕಿಲ್ಲಾತ್ ಆಗಿ
ಮತ್ತೆ ಪಡುವಣಕ್ಕೆ ತಿರುಗಿತೋ ಏನೋ.
ಯಾರೂ ಆಣೆಯಿಡುವುದಿಲ್ಲ.
ದಾರಿಯಲ್ಲೆಲ್ಲೋ ಒಂದು ರಕಾರ ಹತ್ತಿಕೊಂಡಿತು,
ಸೆರಗಿಗೆ ಉತ್ತರಾಣಿ ಹತ್ತುವಂತೆ.
ಫ್ರೆಂಚರ ಎಸ್ಕಾರ್ಲಾತ್, ಇಟಲಿಯ ಸ್ಕಾರ್ಲಾತ್ತೋ,
ಜರ್ಮನ್ನರ ಶಾರ್ಲಾಖ್. ಅಲ್ಲಿ ಅದು ಮಕ್ಕಳ ಜ್ವರವೂ ಹೌದು,
ಒಂದೆಳೆ ಉಣ್ಣೆಯಿಲ್ಲದೆ ಮೈಮೇಲೇ ನೇಯುವ ಕೆಂಪು.

ದುಬಾರಿ ಬಟ್ಟೆ ದುಬಾರಿ ಬಣ್ಣ ಬೇಡಿತು:
ಕಿರಮಂಜಿಯ ಹುಳ ಅರೆದರು, ಚೀಲಗಟ್ಟಲೆ.
ಬಟ್ಟೆ ಹರಿಯಿತು, ಕೆಂಪು ಹೆಸರಿಟ್ಟುಕೊಂಡು ಕುಳಿತಿತು.
ನಮ್ಮ ಗವಸಿಗೆ ಮಾತ್ರ ಆ ಸುದ್ದಿ ಮುಟ್ಟಲೇ ಇಲ್ಲ,
ಹಸಿರಾಗಿಯೇ ಇತ್ತು, ಕೊನೆಗೆ ಹಳೆಬಟ್ಟೆಯವಳಿಗೆ ಹಾಕಿ
ಒಂದು ಸ್ಟೀಲು ಸೌಟು ತಗೊಂಡೆವು.

ಅಷ್ಟನ್ನೂ ಐವರನಿಗೆ ಹೇಳಲಿಲ್ಲ. ಪದವನ್ನು ಮಾತ್ರ ಕೊಟ್ಟೆ.
ಮೂರು ಸಲ ಹೇಳಿಸಿದ, ನಾಲಗೆಯಲ್ಲಿ ತಿರುವಿದ,
"ನವಿರು ಕತ್ತರಿಸಿತ್ತೇ ಅದರದ್ದು?" ಅಂತ ಕೇಳಿದ.
ಹುಳಗಳು ಕತ್ತರಿಸಿದ್ದವು ಅಂದೆ. ನಕ್ಕ.

ಆಮೇಲೆ ಟಿಕೆಟ್ಟಿನ ಬೆನ್ನಿಗೆ, ತನ್ನ ಲಿಪಿಯಲ್ಲಿ,
ಪೆನ್ಸಿಲ್ಲು ಒತ್ತಿ ಒತ್ತಿ ಬರೆದುಕೊಂಡ:
ಸಕರ್ಲಾತಿ.

ಆ ರಕಾರವನ್ನು ನೋಡಿದೆ.
ತಿದ್ದಲಿಲ್ಲ. ಬಸ್ಸು ಬಂತು.