ಜುಜೆಯ ಬೆಂಚು

ಮುಸಫ್ಫಾದ ಕ್ಯಾಂಪಿನಿಂದ ಎರಡು ಬಸ್ಸು ಬದಲಿಸಿ
ವಲೇರಿಯನ್ ನನ್ನನ್ನು ಎಳೆದುಕೊಂಡು ಬಂದ.
"ಬಾ ಆಚಾರಿ, ಒಳಗಿರುವವನು ನಿನ್ನ ಕಸುಬಿನವನೇ."

ದೊಡ್ಡ ಇಗರ್ಜಿ ಅಂದರೆ ಗೋಪುರ, ಗಂಟೆ ಅಂದುಕೊಂಡಿದ್ದೆ.
ಇಲ್ಲಿ ಕಾಂಪೌಂಡು, ಕಾವಲುಗಾರ, ಎಸಿಯ ಗೊರಗೊರ.
ಕೆಥೆಡ್ರಲ್ ಎಂಬ ಅಷ್ಟೆತ್ತರದ ಶಬ್ದ
ಈ ತಗ್ಗು ಸೂರಿನಡಿ ಬೆನ್ನು ಬಗ್ಗಿಸಿ ನುಸುಳಿರಬೇಕು.

ವಲೇರಿಯನ್‌ಗೆ ಅವನು ಸಾಂ ಜುಜೆ.
ಕ್ರೇನ್ ನಡೆಸುವ ಬೇಬಿಚ್ಚನ್‌ಗೆ ಔಸೇಪ್ ಪುಣ್ಯವಾಳನ್,
ತೂತ್ತುಕುಡಿಯ ವೆಲ್ಡರನಿಗೆ ಸೂಸೈಯಪ್ಪರ್,
ಆಸ್ಪತ್ರೆಯ ಫಿಲಿಪ್ಪೀನ್ಸ್ ದಾದಿಗೆ ಸಾನ್ ಹೋಸೆ.
ಒಬ್ಬೊಬ್ಬರ ಊರಲ್ಲೂ ಅವನ ಹೆಸರಿನ ಇಗರ್ಜಿ ಇದೆಯಂತೆ,
ಒಂದು ಹೊಳೆದಂಡೆಗೆ, ಒಂದು ಉಪ್ಪಿನ ಗದ್ದೆಯ ಅಂಚಿಗೆ.
ಸಿರಿಯಾದ ಮುದುಕ ಮಾತ್ರ
"ನಮ್ಮ ಮಾರ್ ಯೂಸೆಫಿಗೆ ಈಗ ಮಾಡಿಲ್ಲ" ಎಂದು
ಮೇಲೆ ನೋಡಿ ಸುಮ್ಮನಾದ.

ವಿಗ್ರಹ ನೋಡಿದೆ. ಕೈಗೆ ಲಿಲ್ಲಿ ಹೂ ಕೊಟ್ಟಿದ್ದಾರೆ.
ಉಳಿ ಹಿಡಿದ ಹೆಬ್ಬೆರಳು ಹೀಗಿರುವುದಿಲ್ಲ;
ಉಗುರಾದರೂ ಒಂದು ಕಪ್ಪಾಗಿರಬೇಕಿತ್ತು.

"ಏನೇನು ಹೇಳಿದ್ದಾನೆ ಇವನು?"
"ಒಂದು ಮಾತೂ ಇಲ್ಲ ಮಾರಾಯ, ಇಡೀ ಪುಸ್ತಕದಲ್ಲಿ.
ಕನಸು ಬೀಳುತ್ತದೆ, ಏಳುತ್ತಾನೆ, ಹೊರಡುತ್ತಾನೆ.
ಹೆಂಡತಿ ಮಗು ಸಮೇತ ರಾತ್ರೋರಾತ್ರಿ ಈಜಿಪ್ಟಿಗೆ."
ವೀಸಾ ಯಾರು ಕೊಟ್ಟರು ಅಂತ ಕೇಳಲಿಲ್ಲ.
ಹೆಂಡತಿ ಮಗು ಸಮೇತ!
ದೇವರಾಣೆ, ಹೊಟ್ಟೆಕಿಚ್ಚಾಯಿತು.

ನಮ್ಮ ಬೆಂಚು, ಜನ ಎದ್ದಾಗ ಕುಳಿತಾಗ, ಕಿರ್ ಅನ್ನುತ್ತಿತ್ತು.
ಎಡಗಾಲಿನ ಸಂದು ಸಡಿಲ. ಬೀಚ್ ಮರ, ಅಗ್ಗದ ಗೋಂದು.
ಎಲ್ಲರೂ ಕಣ್ಣು ಮುಚ್ಚಿದಾಗ
ಜೇಬಿನ ಮೋಟು ಪೆನ್ಸಿಲನ್ನು ಹಲ್ಲಲ್ಲಿ ಸೀಳಿ
ಬೆಣೆ ಮಾಡಿ, ಅಂಗೈಯಿಂದ ಒತ್ತಿದೆ.
ಒಂಬತ್ತು ವರ್ಷದಿಂದ ಶಟರಿಂಗ್.
ಕಾಂಕ್ರೀಟು ಗಟ್ಟಿಯಾದ ದಿನವೇ
ನಾವು ಜೋಡಿಸಿದ ಹಲಗೆ ಕಿತ್ತು ಬಿಸಾಡುತ್ತಾರೆ.
ಈ ಊರಿನಲ್ಲಿ ನಿಂತಿರುವ ನನ್ನ ಮರಗೆಲಸ
ಆ ಸೀಳು ಪೆನ್ಸಿಲೊಂದೇ.

ಹೊರಗೆ, ಪಕ್ಕದ ಮಸೀದಿಯ ಗೋಡೆಯ ಮೇಲೆ
'ಈಸಾರ ತಾಯಿ ಮರಿಯಂ' ಎಂದಿದೆ; ವಲೇರಿಯನ್ ಓದಿ ಹೇಳಿದ.
ಗಂಡನ ಹೆಸರು ಈ ಗೋಡೆಗೆ, ಹೆಂಡತಿಯದು ಆ ಗೋಡೆಗೆ,
ನಡುವೆ ನಾಲ್ಕು ಹೆಜ್ಜೆ, ನಿಲ್ಲಿಸಿದ ಕಾರುಗಳು.

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಶೆಕೆ.
ಮನೆಗೆ ಫೋನು ಹಚ್ಚಿದೆ.
"ರಜೆಯಲ್ವಾ, ಏನು ಮಾಡಿದ್ರಿ?" ಅಂದಳು.
"ಏನಿಲ್ಲ," ಅಂದೆ,
"ಸುಮ್ಮನೆ ಕೂತಿದ್ದೆ."